ಹಳೇ ಡಿಸ್ಕ್‌ನಿಂದ ಹೊಸ ಡಿಸ್ಕ್‌ಗೆ: ಆಪರೇಟಿಂಗ್ ಸಿಸ್ಟಂ ಮನೆ ಬದಲಾಯಿಸುವಾಗ

ಏಳನೇ ಸೆಮಿಸ್ಟರ್ ಹೊತ್ತಿಗೆ ನಮ್ಮ ಹಾಸ್ಟೆಲ್‌ಗಳಲ್ಲಿ, ಪಿಜಿಗಳಲ್ಲಿ ಒಂದು ದೂರು ಸಾಮಾನ್ಯ: "ಮಗಾ, ಲ್ಯಾಪ್‌ಟಾಪ್ ಆನ್ ಮಾಡಿ ಸ್ನಾನ ಮುಗಿಸಿ ಬಂದ್ರೂ ಡೆಸ್ಕ್‌ಟಾಪ್ ಬಂದಿರಲ್ಲ." ಪ್ರಾಜೆಕ್ಟ್ ಇರುವುದು ಅದರಲ್ಲೇ, ಪ್ಲೇಸ್‌ಮೆಂಟ್ ಟೆಸ್ಟ್ ಬರೆಯಬೇಕಾಗಿರುವುದೂ ಅದರಲ್ಲೇ. ಹೊಸ ಲ್ಯಾಪ್‌ಟಾಪ್ ಕೊಡಿಸಿ ಅಂತ ಮನೆಯಲ್ಲಿ ಕೇಳೋಕೆ ಬಾಯಿ ಬರಲ್ಲ. ಇಂಥ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಇನ್ನೂ ಚೆನ್ನಾಗಿರುತ್ತೆ, ಮುದಿಯಾಗಿರುವುದು ಒಳಗೆ ತಿರುಗುತ್ತಿರುವ ಹಾರ್ಡ್ ಡಿಸ್ಕ್ ಮಾತ್ರ. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ಇನ್ನೂ ಎರಡು ಮೂರು ವರ್ಷ ಧಾರಾಳವಾಗಿ ಓಡುತ್ತೆ.

ಡಿಸ್ಕ್ ಬದಲಾಯಿಸುವುದು ಎರಡು ಸ್ಕ್ರೂಗಳ ಕೆಲಸ. ಅದರಲ್ಲಿರುವ ಆಪರೇಟಿಂಗ್ ಸಿಸ್ಟಂ, ಸಾಫ್ಟ್‌ವೇರ್‌ಗಳು, ನಾಲ್ಕು ವರ್ಷದ ಫೈಲ್‌ಗಳು ಸುರಕ್ಷಿತವಾಗಿ ಹೊಸ ಮನೆಗೆ ಹೋಗಬೇಕಲ್ಲ, ಕಷ್ಟ ಇರೋದು ಅಲ್ಲಿ. ಒಳಗೆ ಏನು ನಡೆಯುತ್ತೆ ಅಂತ ಗೊತ್ತಿದ್ದರೆ ಎಡವುವುದು ಕಡಿಮೆ. ಅದಕ್ಕೇ ಈ ಲೇಖನ.

ನಿಧಾನ ಯಾಕೆ? ಒಂದು ಸಣ್ಣ ಲೆಕ್ಕ

ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ. ಅಂದ್ರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಸೆಕ್ಟರ್ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು: 5.5 ಮಿಲಿಸೆಕೆಂಡ್. ಹೆಡ್ ಸರಿಯಾದ ಟ್ರ್ಯಾಕ್‌ಗೆ ಸರಿಯಲು ಇನ್ನೊಂದು ಹತ್ತು ಹನ್ನೆರಡು ಮಿಲಿಸೆಕೆಂಡ್. ಎಲ್ಲ ಸೇರಿಸಿದರೆ ಸೆಕೆಂಡಿಗೆ 60ರ ಆಸುಪಾಸು ಚಿಲ್ಲರೆ ಓದುಗಳಷ್ಟೇ ಸಾಧ್ಯ. ಬೂಟ್ ಆಗುವಾಗ ವಿಂಡೋಸ್ ಕೇಳುವುದು ಸಾವಿರಾರು ಸಣ್ಣ ಸಣ್ಣ ತುಣುಕುಗಳನ್ನು, ಅದೂ ಡಿಸ್ಕ್‌ನ ಮೂಲೆ ಮೂಲೆಗಳಿಂದ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಚಲಿಸುವ ಹೆಡ್ಡೂ ಇಲ್ಲ. ಹಾಗಾಗಿ ಸಾಧಾರಣ ಸಾಟಾ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಹತ್ತಾರು ಸಾವಿರ ಓದುಗಳನ್ನು ಮಾಡುತ್ತೆ. ಜಾಹೀರಾತಿನಲ್ಲಿ ಬರುವ "550 ಎಂಬಿ ಪ್ರತಿ ಸೆಕೆಂಡಿಗೆ" ಅನ್ನುವ ಅಂಕಿಗಿಂತ ಈ ಚಿಲ್ಲರೆ ಓದುಗಳ ವ್ಯತ್ಯಾಸವೇ ನಿಮಗೆ ದಿನವೂ ಗೊತ್ತಾಗುವುದು.

ಕಾಪಿ-ಪೇಸ್ಟ್ ಮಾಡಿದ್ರೆ ಆಗಲ್ವಾ?

ಆಗಲ್ಲ. ಸಿ ಡ್ರೈವ್‌ನಲ್ಲಿರುವುದನ್ನೆಲ್ಲ ಸೆಲೆಕ್ಟ್ ಮಾಡಿ ಹೊಸ ಡಿಸ್ಕ್‌ಗೆ ಎಳೆದು ಹಾಕಿದರೆ ಅದು ಬೂಟ್ ಆಗಲ್ಲ. ಕಾರಣ ಮೂರು.

ಮೊದಲನೆಯದು, ಬೂಟ್ ಆಗಲು ಬೇಕಾದ ಕೆಲವು ವಸ್ತುಗಳು ಸಿ ಡ್ರೈವ್‌ನಲ್ಲಿ ಇರುವುದೇ ಇಲ್ಲ. ಹಳೇ ಬಯೋಸ್ ಪದ್ಧತಿಯಲ್ಲಿ ಡಿಸ್ಕ್‌ನ ಮೊಟ್ಟಮೊದಲ 512 ಬೈಟ್‌ಗಳೇ ಎಂಬಿಆರ್. ಅದರಲ್ಲಿ 446 ಬೈಟ್ ಬೂಟ್ ಕೋಡ್, 64 ಬೈಟ್ ಪಾರ್ಟಿಷನ್ ಪಟ್ಟಿ, ಕೊನೆಯ 2 ಬೈಟ್ ಸಹಿ. ಈಗಿನ ಯುಇಎಫ್‌ಐ ಪದ್ಧತಿಯಲ್ಲಿ ಪಾರ್ಟಿಷನ್ ಪಟ್ಟಿ ಜಿಪಿಟಿ ರೂಪದಲ್ಲಿರುತ್ತೆ, ಬೂಟ್‌ಲೋಡರ್ ಇಎಸ್‌ಪಿ ಎಂಬ ಪುಟ್ಟ ಫ್ಯಾಟ್32 ಪಾರ್ಟಿಷನ್‌ನಲ್ಲಿ ಕೂತಿರುತ್ತೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಅದು ಕಾಣಿಸುವುದೂ ಇಲ್ಲ.

ಎರಡನೆಯದು, ಬೂಟ್‌ಲೋಡರ್ ವಿಂಡೋಸನ್ನು ಹುಡುಕುವುದು "ಸಿ" ಅನ್ನುವ ಅಕ್ಷರ ನೋಡಿ ಅಲ್ಲ. ಡಿಸ್ಕ್‌ಗೂ ಪಾರ್ಟಿಷನ್‌ಗೂ ಇರುವ ಗುರುತಿನ ಸಂಖ್ಯೆಗಳು ಬಿಸಿಡಿ ಎಂಬ ಕಡತದಲ್ಲಿ ಬರೆದಿರುತ್ತವೆ. ಹೊಸ ಡಿಸ್ಕ್‌ನ ಗುರುತು ಬೇರೆ. ಮನೆ ಬದಲಾಯಿಸಿ ಆಧಾರ್ ಕಾರ್ಡ್‌ನಲ್ಲಿ ಹಳೇ ವಿಳಾಸವನ್ನೇ ಬಿಟ್ಟ ಹಾಗೆ, ಪೋಸ್ಟ್‌ಮ್ಯಾನ್ ಹಳೇ ಬಾಗಿಲನ್ನೇ ತಟ್ಟುತ್ತಾನೆ.

ಮೂರನೆಯದು, ವಿಂಡೋಸ್ ಓಡುತ್ತಿರುವಾಗ ರಿಜಿಸ್ಟ್ರಿಯಂಥ ಫೈಲ್‌ಗಳು ಬಳಕೆಯಲ್ಲಿರುತ್ತವೆ, ಸುಮ್ಮನೆ ಕಾಪಿ ಆಗಲ್ಲ. ಕಾಪಿ ಆದವುಗಳ ಪರ್ಮಿಷನ್‌ಗಳೂ ಲಿಂಕ್‌ಗಳೂ ಕೆಟ್ಟುಹೋಗುತ್ತವೆ.

ಹಾಗಾಗಿ ಉಳಿಯುವ ದಾರಿ ಎರಡು: ಇಡೀ ಡಿಸ್ಕ್‌ನ ಪಡಿಯಚ್ಚು ತೆಗೆಯುವುದು, ಅಂದ್ರೆ ಕ್ಲೋನ್, ಇಲ್ಲವೇ ಹೊಸದಾಗಿ ಇನ್‌ಸ್ಟಾಲ್ ಮಾಡಿ ಫೈಲ್‌ಗಳನ್ನು ಮಾತ್ರ ತರುವುದು.

ಕ್ಲೋನಾ, ಫ್ರೆಶ್ ಇನ್‌ಸ್ಟಾಲಾ?

ಕ್ಲೋನ್ ಮಾಡಿದರೆ ಮ್ಯಾಟ್‌ಲ್ಯಾಬ್, ಕ್ಯಾಡ್, ಕಂಪೈಲರ್ ಸೆಟ್ಟಿಂಗ್‌ಗಳೆಲ್ಲ ಇದ್ದ ಹಾಗೇ ಬರುತ್ತವೆ. ಜೊತೆಗೆ ನಾಲ್ಕು ವರ್ಷದ ಕಸವೂ ಬರುತ್ತೆ. ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಎಲ್ಲ ಸ್ವಚ್ಛ, ಆದರೆ ಎಲ್ಲವನ್ನೂ ಮತ್ತೆ ಜೋಡಿಸಬೇಕು. ವಾರದೊಳಗೆ ಪ್ರಾಜೆಕ್ಟ್ ಡೆಮೋ ಇದ್ದರೆ ಕ್ಲೋನ್. ರಜೆ ಇದ್ದರೆ, ಸಿಸ್ಟಂನಲ್ಲಿ ವೈರಸ್ ಅನುಮಾನ ಇದ್ದರೆ, ಫ್ರೆಶ್ ಇನ್‌ಸ್ಟಾಲ್.

ಇಲ್ಲಿ ಎರಡು ವಿಷಯ ಗಮನಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ಕ್ಲೋನ್ ಮಾಡಿದರೆ ಹೊಸ ಡಿಸ್ಕ್ ಮೇಲೆ ಅವಧಿ ಮುಗಿದ ಸಿಸ್ಟಂ ಕೂತ ಹಾಗಾಯಿತು. ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ ವಿಂಡೋಸ್ 11ಕ್ಕೆ ಅರ್ಹತೆಯೂ ಬರಲ್ಲ, ಅದಕ್ಕೆ ಟಿಪಿಎಂ 2.0 ಮತ್ತು ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಅರ್ಹತೆ ಇಲ್ಲದಿದ್ದರೆ ಡಿಸ್ಕ್ ಬದಲಾಯಿಸುವ ಈ ಸಂದರ್ಭವೇ ಲಿನಕ್ಸ್ ಪ್ರಯತ್ನಿಸಲು ಒಳ್ಳೆಯ ಮುಹೂರ್ತ.

ಇನ್ನೊಂದು ನಮ್ಮ ಕನ್ನಡ ಸಂಘದವರಿಗೆ. ವಾರ್ಷಿಕ ಸಂಚಿಕೆಯ ಹಳೇ ಫೈಲ್‌ಗಳು ನುಡಿಯ ಹಳೇ ಆಸ್ಕಿ ಫಾಂಟ್‌ಗಳಲ್ಲಿ ಇರುತ್ತವೆ. ಆ ಫೈಲ್‌ನಲ್ಲಿ ನಿಜವಾಗಿ ಇರುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳೇ, ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟ್. ಕ್ಲೋನ್‌ನಲ್ಲಿ ಫಾಂಟ್ ಜೊತೆಗೇ ಬರುತ್ತೆ. ಫ್ರೆಶ್ ಇನ್‌ಸ್ಟಾಲ್‌ನಲ್ಲಿ ಫಾಂಟ್ ಮರೆತರೆ ಇಡೀ ಸಂಚಿಕೆ ಕಲಸುಮೇಲೋಗರವಾಗಿ ಕಾಣುತ್ತೆ. ಗಾಬರಿ ಬೇಡ, ಫೈಲ್ ಕೆಟ್ಟಿರಲ್ಲ. ನುಡಿ ಹಾಕಿ, ಆಮೇಲೆ ಪುರುಸೊತ್ತಾದಾಗ ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಬಿಡಿ.

ಕೊಳ್ಳುವ ಮುನ್ನ

2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಬೊಮ್ಮಸಂದ್ರದವರಿಗೆ ಎಸ್.ಪಿ. ರೋಡ್ ಹತ್ತಿರವಾಗಿದೆ. ಇಲ್ಲಿ ಮೆಟ್ರೋ ಹತ್ತಿ ಆರ್.ವಿ. ರೋಡ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಸ್ಸಿನೊಳಗೆ ಅರ್ಧ ದಿನ ಕಳೆಯುವ ಕಾಲ ಹೋಯಿತು. ಆದರೆ ಅಂಗಡಿಗೆ ಹೋಗುವ ಮುಂಚೆ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ.

ಒಂದು, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಯಾವ ಜಾಗ ಇದೆ? ಎರಡೂವರೆ ಇಂಚಿನ ಸಾಟಾ ಜಾಗವಾ, ಎಂ.2 ಸ್ಲಾಟಾ? ಎಂ.2 ಅನ್ನುವುದು ಆಕಾರದ ಹೆಸರು ಮಾತ್ರ. 2280 ಅಂದ್ರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಒಂದೇ ಆಕಾರದಲ್ಲಿ ಸಾಟಾ ಕಡ್ಡಿಯೂ ಸಿಗುತ್ತೆ, ಎನ್‌ವಿಎಂಇ ಕಡ್ಡಿಯೂ ಸಿಗುತ್ತೆ. ಸಾಟಾ ಮಾತ್ರ ಗೊತ್ತಿರುವ ಸ್ಲಾಟ್‌ಗೆ ಎನ್‌ವಿಎಂಇ ಹಾಕಿದರೆ ಕೆಲಸ ಮಾಡಲ್ಲ. ಮಾಡೆಲ್ ನಂಬರ್ ಹಿಡಿದು ಸರ್ವಿಸ್ ಮ್ಯಾನ್ಯುಯಲ್ ನೋಡಿ.

ಎರಡು, ಗಾತ್ರ. ಡಬ್ಬಿಯ ಮೇಲೆ 500 ಜಿಬಿ ಅಂದ್ರೆ 500 ಕೋಟಿ ಕೋಟಿ ಅಲ್ಲ, 500 ಬಿಲಿಯನ್ ಬೈಟ್, ಅಂದ್ರೆ ಐವತ್ತು ಸಾವಿರ ಕೋಟಿ ಬೈಟ್. ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುವುದರಿಂದ ಅದು 465 ಆಗಿ ಕಾಣುತ್ತೆ, ಅಂಗಡಿಯವನು ಮೋಸ ಮಾಡಿಲ್ಲ. ಆದರೆ ಹಳೇದು 500, ಹೊಸದು 480 ಆದರೆ ತೊಂದರೆ ಇದೆ. ಕ್ಲೋನ್‌ಜಿಲ್ಲಾದಂಥ ಸಾಧನಗಳು ಸಾಮಾನ್ಯ ಕ್ರಮದಲ್ಲಿ ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿದ್ದರೆ ಒಪ್ಪಲ್ಲ. ಒಳಗೆ 100 ಜಿಬಿ ಮಾತ್ರ ತುಂಬಿದ್ದರೂ ಅಷ್ಟೇ. ಮೊದಲು ಪಾರ್ಟಿಷನ್ ಕುಗ್ಗಿಸಬೇಕಾಗುತ್ತೆ. ಅದಕ್ಕಿಂತ 512 ತಗೊಂಡ್ರೆ ತಲೆನೋವಿಲ್ಲ.

ಮೂರು, ಹೊಸ ಡಿಸ್ಕನ್ನು ಹೊರಗಿನಿಂದ ಜೋಡಿಸಲು ಯುಎಸ್‌ಬಿ ಎನ್‌ಕ್ಲೋಷರ್. ಸಾಟಾಗೆ ಬೇರೆ, ಎನ್‌ವಿಎಂಇಗೆ ಬೇರೆ. ನಾಲ್ಕು, ಅದು ಯುಎಸ್‌ಬಿ 3 ಆಗಿರಲಿ. 200 ಜಿಬಿ ಸಾಗಿಸಲು ಸೆಕೆಂಡಿಗೆ 100 ಎಂಬಿ ವೇಗದಲ್ಲಿ 33 ನಿಮಿಷ ಸಾಕು, ಯುಎಸ್‌ಬಿ 2ರ 35 ಎಂಬಿ ವೇಗದಲ್ಲಿ ಒಂದೂವರೆ ಗಂಟೆ ಮೀರುತ್ತೆ.

ಗಂಟುಮೂಟೆ ಕಟ್ಟುವಾಗ

ಊಟ ಬಲ್ಲವನಿಗೆ ರೋಗವಿಲ್ಲ, ಬ್ಯಾಕಪ್ ಬಲ್ಲವನಿಗೆ ಡೇಟಾ ಲಾಸ್ ಇಲ್ಲ. ಕ್ಲೋನ್ ಅನ್ನುವುದು ಬ್ಯಾಕಪ್ ಅಲ್ಲ. ಮೂಲ ಯಾವುದು, ಗುರಿ ಯಾವುದು ಅಂತ ಆಯ್ಕೆ ಮಾಡುವಾಗ ಅದಲುಬದಲಾದರೆ ಖಾಲಿ ಡಿಸ್ಕ್‌ನ ಖಾಲಿತನವೇ ನಿಮ್ಮ ಪ್ರಾಜೆಕ್ಟ್ ಮೇಲೆ ಕೂತುಬಿಡುತ್ತೆ. ಹಾಗಾಗಿ ಪ್ರಾಜೆಕ್ಟ್ ಕೋಡ್, ರಿಪೋರ್ಟ್, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್, ಫೋಟೋಗಳು, ಇವು ಮೂರನೇ ಜಾಗದಲ್ಲಿ ಇರಲೇಬೇಕು.

ಆಮೇಲೆ ಹಳೇ ಡಿಸ್ಕ್‌ನ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಥವಾ ಲಿನಕ್ಸ್‌ನ ಸ್ಮಾರ್ಟ್‌ಸಿಟಿಎಲ್ ಡಿಸ್ಕ್‌ನ ಸ್ಮಾರ್ಟ್ ವಿವರಗಳನ್ನು ತೋರಿಸುತ್ತೆ. 5ನೇ ಸಂಖ್ಯೆಯ ಸಾಲು ಈಗಾಗಲೇ ಬದಲಿಸಿರುವ ಕೆಟ್ಟ ಸೆಕ್ಟರ್‌ಗಳದ್ದು, 197 ಓದಲಾಗದೆ ಬಾಕಿ ಇರುವವುಗಳದ್ದು. ಮುಖ್ಯವಾಗಿ 197 ಸೊನ್ನೆ ಅಲ್ಲದಿದ್ದರೆ ಮಾಮೂಲಿ ಕ್ಲೋನ್ ಮಧ್ಯದಲ್ಲಿ ನಿಂತುಬಿಡಬಹುದು. ಅಂಥ ಡಿಸ್ಕ್‌ಗೆ ಡಿಡಿರೆಸ್ಕ್ಯೂ ಇದೆ. ಅದು ಚೆನ್ನಾಗಿರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಕೊನೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತೆ. ಎಲ್ಲಿಯವರೆಗೆ ಬಂತು ಅಂತ ಒಂದು ಕಡತದಲ್ಲಿ ಬರೆದಿಡುವುದರಿಂದ ಮಧ್ಯೆ ಕರೆಂಟ್ ಹೋದರೂ ಮುಂದುವರಿಸಬಹುದು.

ಮೂರನೆಯದು ಬಿಟ್‌ಲಾಕರ್. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತೆ. ಕೀಲಿ ಮದರ್‌ಬೋರ್ಡ್‌ನ ಟಿಪಿಎಂನಲ್ಲಿ ಇರುತ್ತೆ. ಬೂಟ್ ವ್ಯವಸ್ಥೆಯಲ್ಲಿ ಬದಲಾವಣೆ ಕಂಡರೆ ಟಿಪಿಎಂ ಕೀಲಿ ಕೊಡಲ್ಲ, ನೀಲಿ ಪರದೆಯಲ್ಲಿ 48 ಅಂಕಿಗಳ ರಿಕವರಿ ಕೀ ಕೇಳುತ್ತೆ. ಅದು ನೀವು ಮೊದಲು ಲಾಗಿನ್ ಆದ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತೆ. ಕಾಲೇಜಿನ ಮೇಲ್ ಐಡಿಯಿಂದ ಲ್ಯಾಪ್‌ಟಾಪನ್ನು ಜೋಡಿಸಿದ್ದರೆ ಕೀ ಕಾಲೇಜಿನ ಅಕೌಂಟ್‌ನಲ್ಲಿ ಇರಬಹುದು. ಫೈನಲ್ ಇಯರ್‌ನವರು ಇದನ್ನು ಇವತ್ತೇ ನೋಡಿ. ಪಾಸಾಗಿ ಹೋದ ಮೇಲೆ ಆ ಮೇಲ್ ಐಡಿ ಮುಚ್ಚಿದರೆ ಕೀ ಸಿಗಲ್ಲ, ಕೀ ಇಲ್ಲದ ಡಿಸ್ಕ್‌ನಿಂದ ಒಂದು ಫೈಲೂ ಹೊರಬರಲ್ಲ. ಕೀಯನ್ನು ಕಾಗದದ ಮೇಲೆ ಬರೆದಿಟ್ಟು, ಕ್ಲೋನ್‌ಗೆ ಮುಂಚೆ ಎನ್‌ಕ್ರಿಪ್ಷನ್ ತೆಗೆದು, ಕೆಲಸ ಮುಗಿದ ಮೇಲೆ ಮತ್ತೆ ಆನ್ ಮಾಡುವುದು ಕ್ಷೇಮ.

ಕೊನೆಯದಾಗಿ ಫಾಸ್ಟ್ ಸ್ಟಾರ್ಟಪ್. ನೀವು ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗಿರಲ್ಲ, ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದು ಅರೆನಿದ್ದೆಗೆ ಹೋಗಿರುತ್ತೆ. ಆ ಸ್ಥಿತಿಯಲ್ಲಿ ಕ್ಲೋನ್ ಸಾಧನಗಳು ತಕರಾರು ಮಾಡುತ್ತವೆ. ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿದರೆ ನಿಜವಾದ ಶಟ್‌ಡೌನ್ ಆಗುತ್ತೆ.

ಸಾಗಿಸುವ ಕೆಲಸ

1. ಕ್ಲೋನ್‌ಜಿಲ್ಲಾ ಅಥವಾ ರೆಸ್ಕ್ಯೂಜಿಲ್ಲಾವನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಎರಡೂ ಉಚಿತ, ಮುಕ್ತ ತಂತ್ರಾಂಶ. ಮೊದಲ ಸಲದವರಿಗೆ ಮೌಸ್‌ನಲ್ಲಿ ನಡೆಯುವ ರೆಸ್ಕ್ಯೂಜಿಲ್ಲಾ ಸುಲಭ.

2. ಚಾರ್ಜರ್ ಹಾಕಿರಿ. ಹೊಸ ಡಿಸ್ಕನ್ನು ಎನ್‌ಕ್ಲೋಷರ್‌ನಲ್ಲಿ ಜೋಡಿಸಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ.

3. ಮೂಲ ಮತ್ತು ಗುರಿಯನ್ನು ಕಂಪನಿ ಹೆಸರು, ಮಾಡೆಲ್ ಮತ್ತು ಗಾತ್ರ ನೋಡಿ ಗುರುತಿಸಿ. "ಮೇಲಿನದು ಹಳೇದು, ಕೆಳಗಿನದು ಹೊಸದು" ಅಂತ ಊಹೆ ಬೇಡ. ಪಕ್ಕದಲ್ಲಿ ಗೆಳೆಯನನ್ನು ಕೂರಿಸಿಕೊಂಡು ಅವನಿಂದಲೂ ಓದಿಸಿ.

4. ಒಂದು ಪಾರ್ಟಿಷನ್ ಅಲ್ಲ, ಇಡೀ ಡಿಸ್ಕನ್ನು ಕ್ಲೋನ್ ಮಾಡಿ. ಇಎಸ್‌ಪಿಯೂ ಬರಬೇಕಲ್ಲ.

5. ಮುಗಿದ ಮೇಲೆ ಪೂರ್ತಿ ಆಫ್ ಮಾಡಿ, ಹಳೇ ಡಿಸ್ಕ್ ತೆಗೆದು ಹೊಸದನ್ನು ಹಾಕಿ. ಮೊದಲ ಬೂಟ್ ಹೊಸ ಡಿಸ್ಕ್ ಒಂದರಿಂದಲೇ ಆಗಬೇಕು. ಪಡಿಯಚ್ಚಿನಲ್ಲಿ ಗುರುತಿನ ಸಂಖ್ಯೆಗಳೂ ಒಂದೇ ಇರುವುದರಿಂದ, ಎರಡೂ ಒಟ್ಟಿಗಿದ್ದರೆ ಯಾವುದು ಯಾವುದು ಅಂತ ಸಿಸ್ಟಂಗೇ ಗೊಂದಲ. ವಿಂಡೋಸ್ ಆಗ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತೆ.

6. ಹೊಸ ಡಿಸ್ಕ್ ದೊಡ್ಡದಿದ್ದರೆ ಉಳಿದ ಜಾಗ ಕೊನೆಯಲ್ಲಿ ಖಾಲಿ ಬಿದ್ದಿರುತ್ತೆ. ಸಿ ಡ್ರೈವ್ ಹಿಗ್ಗಿಸಲು ಹೋದರೆ ನಡುವೆ ರಿಕವರಿ ಪಾರ್ಟಿಷನ್ ಅಡ್ಡ ಕೂತಿರುತ್ತೆ. ಜಿಪಾರ್ಟೆಡ್‌ನಲ್ಲಿ ಅದನ್ನು ಕೊನೆಗೆ ಸರಿಸಿ, ಆಮೇಲೆ ಸಿ ಹಿಗ್ಗಿಸಿ.

ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್‌ನ ಹಕ್ಕು ಮುಖ್ಯವಾಗಿ ಮದರ್‌ಬೋರ್ಡ್‌ಗೆ ಅಂಟಿರುತ್ತೆ, ಡಿಸ್ಕ್‌ಗಲ್ಲ. "ಡಿಸ್ಕ್ ಬದಲಾದ್ರೆ ಹೊಸ ಕೀ ಬೇಕು" ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಬೂಟ್ ಆಗಲಿಲ್ಲ, ಈಗೇನು?

ಹಳೇ ಡಿಸ್ಕ್ ಇನ್ನೂ ಹಾಗೇ ಇದೆ, ಆದ್ದರಿಂದ ಏನೂ ಕಳೆದುಹೋಗಿಲ್ಲ. ಮೊದಲು ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ ಡಿಸ್ಕ್ ಕಾಣುತ್ತಿದೆಯಾ ನೋಡಿ. ಕಾಣದಿದ್ದರೆ ಅದು ಸಂಪರ್ಕದ ಅಥವಾ ಹೊಂದಾಣಿಕೆಯ ಸಮಸ್ಯೆ. ಡಿಸ್ಕ್ ಕಾಣುತ್ತಿದೆ, ವಿಂಡೋಸ್ ಮಾತ್ರ ಸಿಗುತ್ತಿಲ್ಲ ಅಂದ್ರೆ ಬೂಟ್ ಕಡತ ಕೆಟ್ಟಿದೆ. ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಡಿಸ್ಕ್‌ಪಾರ್ಟ್‌ನಲ್ಲಿ ಇಎಸ್‌ಪಿಗೆ ಒಂದು ಅಕ್ಷರ ಕೊಟ್ಟು, ಬಿಸಿಡಿಬೂಟ್ ಕಮಾಂಡ್ ಕೊಡಿ. ಅದಕ್ಕೆ ವಿಂಡೋಸ್ ಫೋಲ್ಡರ್ ಎಲ್ಲಿದೆ, ಇಎಸ್‌ಪಿಯ ಅಕ್ಷರ ಯಾವುದು, ಪದ್ಧತಿ ಯುಇಎಫ್‌ಐ ಅನ್ನುವ ಮೂರು ವಿಷಯ ಹೇಳಿದರೆ ಬಿಸಿಡಿಯನ್ನು ಹೊಸದಾಗಿ ಬರೆದುಕೊಡುತ್ತೆ.

ನೀಲಿ ಪರದೆಯಲ್ಲಿ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಅಂತ ಬಂದರೆ ಕತೆ ಬೇರೆ. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಇದು ಆಗಬಹುದು. ಹೊಸ ಡಿಸ್ಕ್‌ಗೆ ಬೇಕಾದ ಡ್ರೈವರನ್ನು ವಿಂಡೋಸ್ ಬೂಟ್ ಹೊತ್ತಿಗೆ ಎಬ್ಬಿಸಿರಲ್ಲ. ಒಮ್ಮೆ ಸೇಫ್ ಮೋಡ್‌ನಲ್ಲಿ ಬೂಟ್ ಮಾಡಿದರೆ ಡ್ರೈವರ್ ಸಿದ್ಧವಾಗಿ, ಮುಂದಿನ ಸಲ ಸರಿಹೋಗುವುದುಂಟು.

ಲಿನಕ್ಸ್ ಬಳಸುವವರಿಗೆ

ನಿಮ್ಮ ದಾರಿ ಇನ್ನೂ ಸರಳ, ಯಾಕಂದ್ರೆ ಲಿನಕ್ಸ್‌ನಲ್ಲಿ ಕಾಪಿ ಮಾಡಿಯೇ ಸಾಗಿಸಬಹುದು. ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಹೊಸ ಡಿಸ್ಕ್‌ನಲ್ಲಿ ಇಎಸ್‌ಪಿ ಮತ್ತು ರೂಟ್ ಪಾರ್ಟಿಷನ್ ಮಾಡಿ, ಆರ್‌ಸಿಂಕ್‌ನಲ್ಲಿ ಪರ್ಮಿಷನ್, ಹಾರ್ಡ್ ಲಿಂಕ್, ಎಸಿಎಲ್‌ಗಳೆಲ್ಲ ಉಳಿಯುವ ಆಯ್ಕೆಗಳನ್ನು ಕೊಟ್ಟು ಫೈಲ್‌ಗಳನ್ನು ತನ್ನಿ. ಆಮೇಲೆ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹಳೇ ಯುಯುಐಡಿಗಳ ಜಾಗದಲ್ಲಿ ಹೊಸದನ್ನು ಬರೆದು, ಕ್ರೂಟ್ ಮಾಡಿ ಗ್ರಬ್ ಇನ್‌ಸ್ಟಾಲ್ ಮಾಡಿ. ಕಾಪಿ ಮಾಡುವುದರಿಂದ ಚಿಕ್ಕ ಡಿಸ್ಕ್‌ಗೂ ಸಾಗಿಸಬಹುದು, ಡೇಟಾ ಹಿಡಿಸಿದರೆ ಸಾಕು. ಡಿಡಿ ಕಮಾಂಡ್ ಬಳಸುವವರು ಮಾತ್ರ ಎಚ್ಚರ. ಮೂಲವೂ ಗುರಿಯೂ ಅದಲುಬದಲಾದರೆ ಅದು ಒಂದು ಮಾತನ್ನೂ ಕೇಳದೆ ಬರೆದುಬಿಡುತ್ತೆ. ಅದಕ್ಕೇ ಅದಕ್ಕೆ ಡಿಸ್ಕ್ ಡಿಸ್ಟ್ರಾಯರ್ ಅಂತ ಅಡ್ಡಹೆಸರು.

ಕಾರ್ಖಾನೆಯ ಮೂಲೆಯ ಹಳೇ ಪಿಸಿ

ಇಂಟರ್ನ್‌ಶಿಪ್‌ಗೆ ಬೊಮ್ಮಸಂದ್ರ, ಜಿಗಣಿಯ ಕೈಗಾರಿಕಾ ಪ್ರದೇಶಕ್ಕೆ ಹೋಗುವವರಿಗೆ ಈ ವಿದ್ಯೆ ಬೇರೆ ರೂಪದಲ್ಲಿ ಎದುರಾಗಬಹುದು. ಸಿಎನ್‌ಸಿ, ಅಳತೆ ಯಂತ್ರ, ಟೆಸ್ಟಿಂಗ್ ಮೆಷಿನ್‌ಗಳ ಪಕ್ಕದಲ್ಲಿ ಒಂದು ಹಳೇ ಪಿಸಿ, ಅದರಲ್ಲಿ ವಿಂಡೋಸ್ ಎಕ್ಸ್‌ಪಿ. ಅದಕ್ಕೆ ಬೆಂಬಲ ನಿಂತಿದ್ದು 2014ರ ಏಪ್ರಿಲ್ 8ಕ್ಕೆ. "ಇನ್ನೂ ಎಕ್ಸ್‌ಪಿನಾ?" ಅಂತ ನಗಬೇಡಿ. ಯಂತ್ರದ ಕಬ್ಬಿಣ ಇಪ್ಪತ್ತು ವರ್ಷ ಬಾಳುತ್ತೆ, ಡಿಸ್ಕ್ ಬಾಳಲ್ಲ. ಸಾಫ್ಟ್‌ವೇರ್‌ನ ಸಿಡಿ ಕಳೆದುಹೋಗಿರುತ್ತೆ, ಮಾಡಿದ ಕಂಪನಿಯೇ ಇಲ್ಲದಿರಬಹುದು. ಆ ಡಿಸ್ಕ್ ಸತ್ತರೆ ಲಕ್ಷಗಟ್ಟಲೆ ಬೆಲೆಯ ಯಂತ್ರ ನಿಲ್ಲುತ್ತೆ, ಅದನ್ನು ನಂಬಿದ ಸಣ್ಣ ಶೆಡ್‌ನ ಆಪರೇಟರ್‌ಗಳ ಕೆಲಸವೂ ನಿಲ್ಲುತ್ತೆ. ಇಲ್ಲಿ ಫ್ರೆಶ್ ಇನ್‌ಸ್ಟಾಲ್ ಅನ್ನುವ ಆಯ್ಕೆಯೇ ಇಲ್ಲ, ಕ್ಲೋನ್ ಒಂದೇ ದಾರಿ.

ಇದರ ನಿಯಮಗಳು ಸ್ವಲ್ಪ ಬೇರೆ. ಎಕ್ಸ್‌ಪಿಗೆ ಎಎಚ್‌ಸಿಐ ಡ್ರೈವರ್ ತಾನಾಗಿ ಇರಲ್ಲ, ಬಯೋಸ್‌ನಲ್ಲಿ ಐಡಿಇ ಮೋಡ್ ಇಡಬೇಕು. ಅದು ಪಾರ್ಟಿಷನ್ ಶುರು ಮಾಡುವುದು 63ನೇ ಸೆಕ್ಟರ್‌ನಿಂದ, ಈಗಿನ ಡಿಸ್ಕ್‌ಗಳ 4 ಕೆಬಿ ಗಡಿಗೆ ಅದು ಹೊಂದಲ್ಲ. ಹಾಗಾಗಿ ಎಸ್‌ಎಸ್‌ಡಿ ಮೇಲೆ ಬರೆಯುವುದು ನಿಧಾನ. ಟ್ರಿಮ್ ಕೂಡ ಎಕ್ಸ್‌ಪಿಗೆ ಗೊತ್ತಿಲ್ಲ. ಕೇಬಲ್ ಅಗಲವಾದ ಹಳೇ ಐಡಿಇ ಆಗಿದ್ದರೆ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ಕೆಲಸಕ್ಕೆ ಬರುತ್ತೆ. ಅದು ಐಡಿಇ ಭಾಷೆಯನ್ನೇ ಮಾತಾಡುವುದರಿಂದ ಸಣ್ಣ ಅಡಾಪ್ಟರ್ ಸಾಕು. ಲೈಸೆನ್ಸ್ ಯಾವುದಕ್ಕೆ ಅಂಟಿದೆ ಅಂತಲೂ ನೋಡಿ. ವಾಲ್ಯೂಮ್ ಸೀರಿಯಲ್ ಸಂಖ್ಯೆಗೆ ಅಂಟಿದ್ದರೆ ಅದು ಪಾರ್ಟಿಷನ್ ಒಳಗೇ ಇರುವುದರಿಂದ ಕ್ಲೋನ್ ಜೊತೆ ಬರುತ್ತೆ. ಡಿಸ್ಕ್‌ನ ಹಾರ್ಡ್‌ವೇರ್ ಸೀರಿಯಲ್‌ಗೆ ಅಂಟಿದ್ದರೆ ಬರಲ್ಲ. ಡಿಸ್ಕ್ ಇನ್ನೂ ಬದುಕಿರುವಾಗಲೇ, ಮಾಲೀಕರ ಒಪ್ಪಿಗೆ ಪಡೆದು, ಒಂದು ಇಮೇಜ್ ತೆಗೆದಿಟ್ಟರೆ ಆ ಶೆಡ್‌ಗೆ ನೀವು ಮಾಡುವ ದೊಡ್ಡ ಉಪಕಾರ ಅದೇ.

ಹಳೇ ಡಿಸ್ಕ್ ಏನು ಮಾಡೋದು?

ಹೊಸದು ಬೂಟ್ ಆಯ್ತು ಅಂತ ಅವತ್ತೇ ಹಳೇದನ್ನು ಫಾರ್ಮ್ಯಾಟ್ ಮಾಡಬೇಡಿ. ಕನಿಷ್ಠ ಎರಡು ವಾರ ಹೊಸದರಲ್ಲಿ ಕೆಲಸ ಮಾಡಿ, ಪ್ರಾಜೆಕ್ಟ್ ಬಿಲ್ಡ್ ಮಾಡಿ, ಹಳೇ ಫೋಟೋಗಳು ತೆರೆಯುತ್ತವಾ ನೋಡಿ. ಆಮೇಲೆ ಎನ್‌ಕ್ಲೋಷರ್‌ನಲ್ಲಿ ಹಾಕಿದರೆ ಅದೇ ನಿಮ್ಮ ಬ್ಯಾಕಪ್ ಡಿಸ್ಕ್, ಆರೋಗ್ಯ ಚೆನ್ನಾಗಿದ್ದರೆ ಮಾತ್ರ. ಮಾರುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದು ಪಟ್ಟಿಯನ್ನಷ್ಟೇ ಅಳಿಸುತ್ತೆ, ಫೈಲ್‌ಗಳು ಒಳಗೇ ಇರುತ್ತವೆ. ಹಾರ್ಡ್ ಡಿಸ್ಕ್ ಮೇಲೆ ಒಮ್ಮೆ ಪೂರ್ತಿ ಸೊನ್ನೆಗಳನ್ನು ಬರೆಯಿರಿ. ಕೆಟ್ಟಿದ್ದರೆ ಕಸದ ಬುಟ್ಟಿಗೆ ಬೇಡ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಇಷ್ಟು ಓದಿದ ಮೇಲೆ ಡಿಸ್ಕ್ ಕೊಳ್ಳುವುದು ಮುಂದಿನ ತಿಂಗಳಾದರೂ ಪರವಾಗಿಲ್ಲ. ಆದರೆ ಎರಡು ಕೆಲಸ ಇವತ್ತು ರಾತ್ರಿಯೇ ಮಾಡಿ: ಬಿಟ್‌ಲಾಕರ್ ಕೀ ಎಲ್ಲಿದೆ ಅಂತ ಹುಡುಕಿ ಬರೆದಿಡಿ, ಸ್ಮಾರ್ಟ್‌ನ 197ನೇ ಸಾಲು ನೋಡಿ. ಎರಡಕ್ಕೂ ಸೇರಿ ಹತ್ತು ನಿಮಿಷ ಸಾಕು, ಖರ್ಚು ಒಂದು ರೂಪಾಯಿಯೂ ಇಲ್ಲ.